ಜಲಾಶಯದ ಪಾರ್ಕು ಎಲ್ಲಿರಬೇಕು?

(ಹಾಸನದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಪಾಠ ಹೇಳಿ ನಿವೃತ್ತನಾದವನು. ಹಾಗಾಗಿ ಪಾರ್ಕಿನ ಬಗ್ಗೆ ಮಾತಾಡಿ ಅಂತ ಕರೆದರೂ ನನ್ನ ಮಾತು ಮಣ್ಣು, ಕಲ್ಲು, ನೀರಿನ ಮಟ್ಟದ ಕಡೆಗೇ ಹೋಗುತ್ತದೆ. ಹೂವಿನ ಬಗ್ಗೆ ಕೇಳೋಣ ಅಂತ ಬಂದವರು ಸ್ವಲ್ಪ ಸಹಿಸಿಕೊಳ್ಳಿ.

ಗೊರೂರು ಡ್ಯಾಂ, ಅಂದರೆ ಹೇಮಾವತಿ ಅಣೆಕಟ್ಟೆಯ ಹತ್ತಿರ ಒಂದು ಒಳ್ಳೇ ಪಾರ್ಕು ಬೇಕು ಅನ್ನುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳುತ್ತಾರೆ, "ಕೆ.ಆರ್.ಎಸ್. ತರ ಮಾಡ್ಬೇಕು ಮೇಷ್ಟ್ರೇ." ಬಣ್ಣದ ಕಾರಂಜಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೂವಿನ ಪಾತಿ, ಸಂಜೆ ದೀಪ, ಸಂಗೀತ. ನಮ್ಮ ಮನಸ್ಸಿನಲ್ಲಿ ಅಣೆಕಟ್ಟೆಯ ಪಾರ್ಕು ಅಂದರೆ ಬೃಂದಾವನ. ಅದು ಚೆನ್ನಾಗಿದೆ, ಅನುಮಾನವೇ ಇಲ್ಲ. ಆದರೆ ಅದು ನಮ್ಮ ಜಿಲ್ಲೆಗಳ ಜಲಾಶಯಗಳಿಗೆ ಹೊಂದುವ ಮಾದರಿ ಅಲ್ಲ ಅನ್ನುವುದು ನನ್ನ ವಾದ. ನಮ್ಮ ಕಡೆ ಪಾರ್ಕು ಇರಬೇಕಾದ್ದು ಕಟ್ಟೆಯ ಕೆಳಗಲ್ಲ, ಹಿನ್ನೀರಿನ ದಡದಲ್ಲಿ. ಆ ದಡ ವರ್ಷವಿಡೀ ಒಂದೇ ಕಡೆ ನಿಲ್ಲುವುದಿಲ್ಲ. ಅದು ಹೇಗೆ ಓಡಾಡುತ್ತದೆ ಅಂತ ತಿಳಿದುಕೊಂಡು ಪಾರ್ಕು ಮಾಡಬೇಕು. ಇವತ್ತು ಹೇಳಲು ಬಂದಿರುವುದು ಇಷ್ಟೇ.

ಮೊದಲು ಬೃಂದಾವನದ್ದೇ ನೋಡೋಣ. ಸರ್ ಮಿರ್ಜಾ ಇಸ್ಮಾಯಿಲ್ 1926ರಲ್ಲಿ ಮೈಸೂರಿನ ದಿವಾನರಾದರು. ಮಾರನೇ ವರ್ಷವೇ, ಅಂದರೆ 1927ರಲ್ಲಿ, ತೋಟದ ಕೆಲಸ ಶುರುವಾಯಿತು. 1932ಕ್ಕೆ ಮುಗಿಯಿತು. ಕಾಶ್ಮೀರದ ಶಾಲಿಮಾರ್ ತೋಟ ಅವರ ಕಣ್ಣ ಮುಂದಿತ್ತು. ನಕ್ಷೆಯ ಹಿಂದೆ ಲಾಲ್‌ಬಾಗಿನ ಕೃಂಬಿಗಲ್ ಇದ್ದರು. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಪಳಗಿ, ಕೊನೆಗೆ ಬೆಂಗಳೂರಿನಲ್ಲೇ ಮಣ್ಣಾದವರು. ಒಬ್ಬ ದಿವಾನ, ಒಬ್ಬ ತೋಟಗಾರ, ಹಿಂದೆ ನಿಂತ ಒಂದು ಸಂಸ್ಥಾನ. ಇಂಥ ಜೋಡಿ ಸುಮ್ನೆ ಸಿಗುವುದಿಲ್ಲ ಬಿಡಿ.

ಆದರೆ ನಾನು ಹೇಳಬೇಕೆಂದಿರುವುದು ಕಟ್ಟೆಯ ವಿಷಯ. ಕೆ.ಆರ್.ಎಸ್. ಕಲ್ಲಿನ ಕಟ್ಟೆ. ಸುಣ್ಣ ಮತ್ತು ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಕಲ್ಲಿನ ಕಟ್ಟೆ ತನ್ನ ಭಾರದಿಂದಲೇ ನಿಲ್ಲುತ್ತದೆ. ಅದರ ಕಾಲ ಬುಡದ ಹತ್ತಿರದವರೆಗೂ ತೋಟ ತರಬಹುದು. ನೀರು ಮೇಲಿದೆ, ತೋಟ ಕೆಳಗಿದೆ. ನೀರು ತಾನಾಗಿಯೇ ಇಳಿದು ಬರುತ್ತದೆ. ಕಾರಂಜಿಗೂ ಮೆಟ್ಟಿಲು ತೋಟಕ್ಕೂ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಗೊರೂರಿಗೆ ಬನ್ನಿ. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟೆಯ ಉದ್ದ 4,692 ಮೀಟರ್. ಹತ್ತಿರ ಹತ್ತಿರ ನಾಲ್ಕೂ ಮುಕ್ಕಾಲು ಕಿಲೋಮೀಟರ್. ನಡುವೆ ಹೆಚ್ಚಾದ ನೀರು ಬಿಡುವ ಆರು ಕ್ರಸ್ಟ್ ಗೇಟುಗಳಿರುವ ಭಾಗ ಗಟ್ಟಿ ಕಟ್ಟಡ. ಉಳಿದ ಬಹುಪಾಲು ಮಣ್ಣಿನ ಏರಿ. ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಪ್ರತಿ ಬ್ಯಾಚಿನಲ್ಲೂ ಒಬ್ಬ ಕೇಳುತ್ತಿದ್ದ: "ಸಾರ್, ಇಷ್ಟುದ್ದ ಏರಿ ಮೇಲೆ ಒಂದು ಗಿಡನೂ ನೆಟ್ಟಿಲ್ವಲ್ಲ, ಬೋಳು ಬೋಳು ಕಾಣುತ್ತೆ." ಪಾರ್ಕು ಕೇಳುವವರೂ ಇದನ್ನೇ ಹೇಳುತ್ತಾರೆ. ಏರಿ ಮೇಲೆ ಸಾಲು ಮರ ಹಾಕಿದರೆ ಎಷ್ಟು ಚಂದ ಅಲ್ವಾ ಅಂತ.

ಚಂದ ನಿಜ. ಆದರೆ ಮಣ್ಣಿನ ಏರಿಗೆ ಮರ ಶತ್ರು. ಬೇರು ಒಳಗೆ ಇಳಿಯುತ್ತದೆ. ಮರ ಬದುಕಿರುವವರೆಗೆ ಹೇಗೋ ನಡೆಯುತ್ತದೆ. ಸತ್ತ ಮೇಲೆ ಬೇರು ಕೊಳೆತು, ಅದಿದ್ದ ಜಾಗದಲ್ಲಿ ಕೊಳವೆಯಂಥ ದಾರಿ ಉಳಿಯುತ್ತದೆ. ಆ ದಾರಿಯಲ್ಲಿ ನೀರು ನುಗ್ಗಿ ಒಂದೊಂದೇ ಕಣ ಮಣ್ಣನ್ನು ಹೊರಗೆ ತರುತ್ತದೆ. ದಾರಿ ಅಗಲವಾಗುತ್ತಾ ಹೋಗುತ್ತದೆ. ಹೆಗ್ಗಣದ ಬಿಲವೂ ಇದೇ ಕೆಲಸ ಮಾಡುತ್ತದೆ. ಇಷ್ಟೇ ಅಲ್ಲ, ದೊಡ್ಡ ಮರ ಗಾಳಿಗೆ ಬಿದ್ದರೆ ಬುಡದ ಜೊತೆ ಏರಿಯ ಒಂದು ತುಂಡನ್ನೇ ಕಿತ್ತುಕೊಂಡು ಬೀಳುತ್ತದೆ. ಅದಕ್ಕೇ ನೀರಿನ ಕಡೆ ಅಲೆ ಹೊಡೆತ ತಡೆಯಲು ಕಲ್ಲಿನ ಹೊದಿಕೆ, ಹೊರಗಡೆ ಹುಲ್ಲು, ಅಷ್ಟೇ.

ಏರಿಯ ಬುಡದ ಜಾಗವೂ ಹಾಗೇ. ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ನೀರು ಜಿನುಗಿಯೇ ಜಿನುಗುತ್ತದೆ. ಅದನ್ನು ಬುಡದ ಚರಂಡಿಯಲ್ಲಿ ಹಿಡಿದು ಎಷ್ಟು ಬರುತ್ತಿದೆ ಅಂತ ಅಳೆಯುತ್ತಾರೆ. ಎಷ್ಟು ಅನ್ನುವುದಕ್ಕಿಂತ ಹೇಗಿದೆ ಅನ್ನುವುದು ಮುಖ್ಯ. ತಿಳಿಯಾಗಿದ್ದರೆ ಚಿಂತೆಯಿಲ್ಲ. ಕೆಂಪಗೆ, ಕದಡಿಕೊಂಡು ಬಂದರೆ ಒಳಗಿನ ಮಣ್ಣು ಹೊರಗೆ ಬರುತ್ತಿದೆ ಅಂತ ಅರ್ಥ. ಈಗ ನೀವೇ ಯೋಚಿಸಿ. ಆ ಜಾಗದಲ್ಲಿ ಲಾನ್ ಹಾಸಿ ದಿನಾ ಪೈಪಿನಲ್ಲಿ ನೀರು ಬಿಟ್ಟರೆ, ಅಲ್ಲಿ ಒದ್ದೆಯಾಗಿರುವುದು ಜಿನುಗಿದ ನೀರೋ ಮಾಲಿ ಬಿಟ್ಟ ನೀರೋ? ಯಾರು ಹೇಳುತ್ತಾರೆ?

ಗೇಟಿನ ಕೆಳಗೆ ಹೊಳೆಯ ಪಾತ್ರದಲ್ಲಿ ಮಾಡಿದರೆ? ಅದು ಇನ್ನೂ ಬೇಡ. ಮಳೆಗಾಲದಲ್ಲಿ ಸಾವಿರಾರು ಕ್ಯುಸೆಕ್ ಬಿಡುತ್ತಾರೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ. ಗೇಟು ಎತ್ತುವ ಮುಂಚೆ ಸೈರನ್ ಕೂಗುತ್ತದೆ. ಆದರೆ ಬಂಡೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಸೈರನ್ ಯಾಕೆ ಅಂತಲೇ ಗೊತ್ತಿರುವುದಿಲ್ಲ. ಕಟ್ಟೆ ಕೆಳಗೆ ಬೆಂಚು, ಜೋಕಾಲಿ ಹಾಕಿ ಜನರನ್ನು ಕರೆದು ಕೂರಿಸುವ ಜಾಗ ಅದಲ್ಲ.

ಹಾಗಾದರೆ ಎಲ್ಲಿ? ಮೇಲೆ, ಹಿನ್ನೀರಿನ ಕಡೆ. ಅಲ್ಲಿ ಇನ್ನೊಂದು ತೊಡಕಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೇಮಾವತಿಯ ಗರಿಷ್ಠ ಮಟ್ಟ 2,922 ಅಡಿ. ಇದು ಸಮುದ್ರಮಟ್ಟದಿಂದ ಲೆಕ್ಕ. ತುಂಬಿದಾಗ 37.103 ಟಿಎಂಸಿ ನೀರು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಪೇಪರಿನಲ್ಲಿ ದಿನಾ ಓದಿ ಓದಿ ಈ ಅಂಕಿ ನಮಗೆಲ್ಲ ಬಾಯಿಪಾಠ. ಆದರೆ ನೀರು ಎಷ್ಟು ಅಗಲಕ್ಕೆ ಹರಡಿದೆ ಅಂತ ಯಾರೂ ಕೇಳುವುದಿಲ್ಲ. 8,502 ಹೆಕ್ಟೇರ್. ಅಂದರೆ ಸುಮಾರು 21,000 ಎಕರೆ. ಒಟ್ಟು ನೀರನ್ನು ಈ ಅಗಲದಿಂದ ಭಾಗಿಸಿದರೆ ಸರಾಸರಿ ಆಳ 40 ಅಡಿ ಬರುತ್ತದೆ. ಕಟ್ಟೆಯ ಹತ್ತಿರ ಜಾಸ್ತಿ, ಅಂಚಿನಲ್ಲಿ ತೀರಾ ಕಮ್ಮಿ. ಲೋಟದ ನೀರನ್ನು ಅಗಲವಾದ ತಟ್ಟೆಗೆ ಸುರಿದ ಹಾಗೆ. ಲೋಟದಲ್ಲಿ ಒಂದು ಗುಟುಕು ಕುಡಿದರೆ ಮಟ್ಟ ಇಳಿದದ್ದು ಕಾಣುತ್ತದೆ, ಅಂಚು ಮಾತ್ರ ಅಲ್ಲೇ ಇರುತ್ತದೆ. ತಟ್ಟೆಯಲ್ಲಿ ಅಂಚೇ ಒಳಕ್ಕೆ ಸರಿಯುತ್ತದೆ.

ತುಂಬಿದಾಗ ಮೇಲಿನ ಒಂದೇ ಒಂದು ಅಡಿಯಲ್ಲಿ ಸುಮಾರು 0.9 ಟಿಎಂಸಿ ನೀರಿರುತ್ತದೆ. ನಾಲೆಗೆ ನೀರು ಬಿಟ್ಟ ಮೇಲೆ ಆ ಒಂದು ಅಡಿ ಬೇಗ ಖಾಲಿಯಾಗುತ್ತದೆ. ಈಗ ದಡದ ಇಳಿಜಾರು ನೂರಕ್ಕೆ ಒಂದು ಅಂತ ಇಟ್ಟುಕೊಳ್ಳಿ. ನೂರು ಅಡಿ ನಡೆದರೆ ಒಂದು ಅಡಿ ಇಳಿಯುವ ಹೊಲದಂಥ ಜಾಗ. ಅಂಥ ಕಡೆ ಮಟ್ಟ ಒಂದು ಅಡಿ ಇಳಿದರೆ ನೀರು ನೂರು ಅಡಿ ದೂರ ಹೋಗುತ್ತದೆ. ಹತ್ತು ಅಡಿ ಇಳಿದರೆ ಸಾವಿರ ಅಡಿ. ಆಗಸ್ಟಿನಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತ ಬೆಂಚು ಏಪ್ರಿಲ್‌ನಲ್ಲಿ ಬಯಲಿನ ನಡುವೆ ನಿಂತಿರುತ್ತದೆ. ಆಗಸ್ಟಿನ ಲೆಕ್ಕದಲ್ಲಿ ಕಟ್ಟಿದ ಬೋಟ್ ಕಟ್ಟೆಯ ಕೆಳಗೆ ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆಸರು. ಅಲ್ಲಿಗೆ "ಬೋಟಿಂಗ್ ಬಂದ್" ಅಂತ ಬೋರ್ಡ್ ಬೀಳುತ್ತದೆ.

ನೀರು ಇಳಿಯುವುದನ್ನು ಪಾರ್ಕಿನವರು ತಡೆಯಲಾಗುವುದಿಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಬಲ್ಲಾಳರಾಯನದುರ್ಗದ ಹತ್ತಿರ ಹುಟ್ಟುವ ಹೊಳೆ ನಮ್ಮದೇ ಅಂತ ನಮಗೆ ಅನ್ನಿಸುತ್ತದೆ. ಆದರೆ ಗೊರೂರಿನಲ್ಲಿ ನಿಂತ ನೀರಿಗೆ ಎಡದಂಡೆ, ಬಲದಂಡೆ, ಬಲ ಮೇಲ್ದಂಡೆ ಅಂತ ಮೂರು ನಾಲೆ. ಎಡದಂಡೆಯ ನೀರು ತುಮಕೂರಿನ ಕಡೆಗೆ ಹೋಗುತ್ತದೆ. ಕಾವೇರಿ ಲೆಕ್ಕ ಮಾಡುವಾಗ ಕೆ.ಆರ್.ಎಸ್., ಕಬಿನಿ, ಹಾರಂಗಿ ಜೊತೆ ಹೇಮಾವತಿಯನ್ನೂ ಸೇರಿಸಿಯೇ ಎಣಿಸುತ್ತಾರೆ. ಹಾಸನದ ಮಕ್ಕಳು ದೋಣಿಯಲ್ಲಿ ಆಡಬೇಕು ಅಂತ ಮಾರ್ಚಿನಲ್ಲಿ ನೀರು ಹಿಡಿದಿಡಿ ಅಂದರೆ ಯಾರೂ ಕೇಳುವುದಿಲ್ಲ. ಕೇಳಲೂ ಬಾರದು.

ಇಲ್ಲಿ ಒಬ್ಬರು ಎದ್ದು ಕೇಳಿದರು: "ಹಂಗಾದ್ರೆ ಪಾರ್ಕೇ ಬೇಡ ಅಂತೀರಾ ಮೇಷ್ಟ್ರೇ?"

ಬೇಡ ಅನ್ನುತ್ತಿಲ್ಲ. ನಮ್ಮ ಹಿರಿಯರು ಈ ತೊಡಕನ್ನು ಆಗಲೇ ಬಿಡಿಸಿಟ್ಟಿದ್ದಾರೆ. ಹಳೇಬೀಡಿನ ಹತ್ತಿರ ಹುಲಿಕೆರೆಯ ಕಲ್ಯಾಣಿ ನೋಡಿದ್ದೀರಲ್ಲ? ಹೊಯ್ಸಳರ ಕಾಲದ್ದು. ಶ್ರವಣಬೆಳಗೊಳದಲ್ಲಂತೂ ಊರ ನಡುವೆಯೇ ಕೊಳ ಇದೆ. ಕಲ್ಯಾಣಿಗೆ ಒಂದು ಗೊತ್ತಾದ ದಡ ಅಂತ ಇಲ್ಲ. ಮೆಟ್ಟಿಲೇ ದಡ. ನೀರು ತುಂಬಿದರೆ ಮೇಲಿನ ಮೆಟ್ಟಿಲಲ್ಲಿ ಕೂರುತ್ತೀರಿ. ಇಳಿದರೆ ನಾಲ್ಕು ಮೆಟ್ಟಿಲು ಇಳಿದು ಕೂರುತ್ತೀರಿ. ಯಾವ ತಿಂಗಳಲ್ಲಿ ಹೋದರೂ ನೀರು ನಿಮ್ಮ ಕಾಲ ಬಳಿಯೇ ಇರುತ್ತದೆ. ಜಲಾಶಯದ ಪಾರ್ಕಿಗೆ ನಾನು ಕೇಳುವುದು ಇದನ್ನೇ. ಚಪ್ಪಟೆ ದಡ ಬಿಟ್ಟು, ಗುಡ್ಡದ ಮಗ್ಗುಲಲ್ಲಿ ಸ್ವಲ್ಪ ಕಡಿದಾಗಿ ಇಳಿಯುವ ಒಂದು ಜಾಗ ಆರಿಸಿಕೊಳ್ಳಿ. ಅಲ್ಲಿ ಅಗಲವಾದ ಕಲ್ಲಿನ ಮೆಟ್ಟಿಲು ಹಾಕಿ. ಒಂದು ಮೆಟ್ಟಿಲು ಅರ್ಧ ಅಡಿ ಅಂದರೂ ಇಪ್ಪತ್ತು ಅಡಿ ಇಳಿಯುವ ನೀರಿಗೆ ನಲವತ್ತು ಮೆಟ್ಟಿಲು ಸಾಕು. ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ 2,922, 2,921 ಅಂತ ಮಟ್ಟ ಕೆತ್ತಿಸಿ. ಪೇಪರಿನಲ್ಲಿ ಓದುವ ಅಂಕಿಯ ಮೇಲೆ ನಮ್ಮ ಮಕ್ಕಳು ಕೂತುಕೊಳ್ಳಲಿ. ಕೂತರೆ ಸಾಕು, ನೀರಿಗೆ ಇಳಿಯುವುದು ಬೇಡ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ದೋಣಿ ಬೇಕೇ ಬೇಕು ಅಂದರೆ ಕಟ್ಟೆ ಕಟ್ಟಬೇಡಿ. ನೀರಿನ ಜೊತೆಗೇ ಏರಿ ಇಳಿಯುವ ತೇಲುವ ಜೆಟ್ಟಿ ಹಾಕಿ. ಶೌಚಾಲಯ, ಅಂಗಡಿ, ಗಾಡಿ ನಿಲ್ಲಿಸುವ ಜಾಗ ಎಲ್ಲ ಗರಿಷ್ಠ ಮಟ್ಟಕ್ಕಿಂತ ಮೇಲಿರಲಿ. ಅದರ ಕೆಳಗೆ ಸಿಮೆಂಟು ಬೇಡ. ಅಲ್ಲಿ ಕಟ್ಟಿದ್ದು ವರ್ಷಕ್ಕೊಮ್ಮೆ ಮುಳುಗುತ್ತದೆ, ವರ್ಷಕ್ಕೊಮ್ಮೆ ಒಣಗುತ್ತದೆ. ಬಿಲ್ಲು ಮಾತ್ರ ವರ್ಷವರ್ಷವೂ ಆಗುತ್ತದೆ.

ಹಿನ್ನೀರಿನ ದಡದಲ್ಲಿ ಯಾರೂ ನಕ್ಷೆ ಹಾಕದೆಯೇ ಆದ ಒಂದು ಪಾರ್ಕು ಆಗಲೇ ನಮ್ಮಲ್ಲಿದೆ. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿ. ಅಲ್ಲಿಯ ರೋಸರಿ ಚರ್ಚನ್ನು 1860ರ ಹೊತ್ತಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು. ಡ್ಯಾಂ ಬಂದ ಮೇಲೆ ಊರಿನವರು ಬೇರೆ ಕಡೆ ಹೋದರು. ಚರ್ಚು ಮಾತ್ರ ಉಳಿಯಿತು. ಮಳೆಗಾಲದಲ್ಲಿ ನೀರು ಅದರ ಸುತ್ತ ಏರುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ನಡೆದು ಹೋಗಬಹುದು. ಎತ್ತರದ ಕಮಾನುಗಳು, ಮಾಡಿಲ್ಲದ ಗೋಡೆಗಳು. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳಿಂದ ಹಿಡಿದು ಹಕ್ಕಿ ನೋಡುವವರ ತನಕ ಎಲ್ಲರೂ ಹೋಗುತ್ತಾರೆ. ಅಲ್ಲಿ ಕಾರಂಜಿ ಇಲ್ಲ ಅಂತ ಯಾರೂ ಬೇಜಾರು ಮಾಡಿಕೊಂಡಿದ್ದು ನಾನು ಕೇಳಿಲ್ಲ.

ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರಂತೆ, ಅದಕ್ಕೇ ಇನ್ನೂ ನಿಂತಿದೆ ಅಂತ ಜನ ಹೇಳುತ್ತಾರೆ. ಮೊಟ್ಟೆಯ ಮಾತು ಹಾಗಿರಲಿ. ಸುಣ್ಣದ ಗಾರೆ ಸಿಮೆಂಟಿಗಿಂತ ಚೆನ್ನಾಗಿ ಉಸಿರಾಡುತ್ತದೆ, ಅಂದರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಅದು ನಿಜ. ಗೋಡೆಗೆ ಪೆಟ್ಟು ಕೊಡುವುದು ಮುಳುಗಿರುವುದಕ್ಕಿಂತ ಜಾಸ್ತಿ ಮುಳುಗಿ ಏಳುವುದು. ಒದ್ದೆಯಾದಾಗ ಲವಣಗಳು ಕರಗಿ ಗೋಡೆಯೊಳಗೆ ಓಡಾಡುತ್ತವೆ. ಒಣಗುವಾಗ ಹೊರಮೈಗೆ ಬಂದು ಹರಳುಗಟ್ಟಿ ಗಾರೆಯನ್ನು ಪದರ ಪದರವಾಗಿ ಕಿತ್ತು ಹಾಕುತ್ತವೆ. ನೀರಿನ ಅಂಚಿನಲ್ಲಿ ಅಲೆ ಕೆರೆಯುತ್ತಿರುತ್ತದೆ. ಬಿರುಕಿನಲ್ಲಿ ಅರಳಿ ಗಿಡ ಹುಟ್ಟುತ್ತದೆ. ಹಾಗಾಗಿ ಅಲ್ಲಿ ಮೊದಲು ಬೇಕಾದ್ದು ಅಲಂಕಾರ ಅಲ್ಲ. ಗೋಡೆಯ ಕೆಳಗೆ ನಿಲ್ಲದ ಹಾಗೆ ದೂರಕ್ಕೆ ಕಟ್ಟಿದ ಒಂದು ಹಗ್ಗ, ಹುಟ್ಟಿದ ಗಿಡವನ್ನು ಎಳೆಯದಾಗಿದ್ದಾಗಲೇ ತೆಗೆಯುವ ಒಬ್ಬ ಆಳು, ದಿಬ್ಬದ ಮೇಲೆ ಹೆಂಗಸರಿಗೆ ಒಂದು ಶುದ್ಧವಾದ ಶೌಚಾಲಯ. ದೀಪಾಲಂಕಾರ ಖಂಡಿತ ಬೇಡ.

ಇನ್ನೊಂದು ಬೇಕು. ಹೇಮಾವತಿ ನೀರಿನ ಕೆಳಗೆ ಶೆಟ್ಟಿಹಳ್ಳಿ ಒಂದೇ ಇಲ್ಲ. ಚರ್ಚು ಎತ್ತರಕ್ಕಿತ್ತು, ಕಾಣುತ್ತದೆ. ಉಳಿದ ಊರುಗಳ ಮನೆ, ಗುಡಿ, ಕಣ, ತೆಂಗಿನ ಸಾಲು ಕಾಣುವುದಿಲ್ಲ. ಅಲ್ಲಿಂದ ಎದ್ದು ಬಂದವರ ಮಕ್ಕಳು ಈ ಸಭೆಯಲ್ಲೂ ಇದ್ದೀರಿ. ಪಾರ್ಕಿನಲ್ಲಿ ಸಾಮಾನ್ಯವಾಗಿ ಉದ್ಘಾಟನೆ ಮಾಡಿದವರ ಹೆಸರು ದೊಡ್ಡದಾಗಿ ಬರೆಸುತ್ತಾರೆ. ಅದರ ಪಕ್ಕದಲ್ಲಿ ಮುಳುಗಿದ ಊರುಗಳ ಹೆಸರೂ ಒಂದು ಕಲ್ಲಿನ ಮೇಲೆ ಇರಲಿ. ಯಾವ ಊರು ಯಾವ ದಿಕ್ಕಿಗಿತ್ತು ಅಂತ ಬಾಣದ ಗುರುತು ಹಾಕಿ. ನೀರು ನೋಡುತ್ತಾ ನಿಂತ ಅಜ್ಜ ಮೊಮ್ಮಗನಿಗೆ "ಅದೋ, ಅಲ್ಲಿ" ಅಂತ ತೋರಿಸಲಿ. ಪಾರ್ಕಿನ ಎಲ್ಲ ಖರ್ಚಿನಲ್ಲಿ ಅತಿ ಅಗ್ಗದ್ದು ಇದೇ.

ಈಗ ಬೇಸಿಗೆಯ ಬಯಲಿನ ವಿಷಯ. ನೀರು ಇಳಿದ ಮೇಲೆ ಕಾಣುವ ನೆಲವನ್ನು ನಾವು ಹಾಳು ಜಾಗ ಅಂದುಕೊಳ್ಳುತ್ತೇವೆ. ಕೆರೆಯ ಊರಿನವರು ಹಾಗೆ ಅಂದುಕೊಂಡವರಲ್ಲ. ಸಖರಾಯಪಟ್ಟಣದ ಅಯ್ಯನಕೆರೆಯನ್ನೇ ತೆಗೆದುಕೊಳ್ಳಿ. ರುಕ್ಮಾಂಗದರಾಯ ಕಟ್ಟಿಸಿದ ಅಂತ ಪ್ರತೀತಿ, 1156ರಲ್ಲಿ ಹೊಯ್ಸಳರ ಕಾಲದಲ್ಲಿ ದುರಸ್ತಿಯಾಯಿತು. ಹಿಂದೆ ಶಕುನಗಿರಿ, ಮುಂದೆ ಉದ್ದ ಏರಿ. ಇಲ್ಲಿಂದ ಹೊರಡುವ ವೇದಾ ಹೊಳೆ ಮುಂದೆ ಆವತಿಯನ್ನು ಸೇರಿ ವೇದಾವತಿಯಾಗುತ್ತದೆ. ಇಂಥ ಕೆರೆಗಳಿಗೆ ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ ಅಂತ ಒಂದು ವ್ಯವಸ್ಥೆಯೇ ಇತ್ತು. ಅದರ ಜೊತೆಗೆ ಕೆರೆ ಅಂಗಳ ಅಂತ ಇತ್ತು. ನೀರು ಇಳಿದಾಗ ದನ ಮೇಯುವ ಜಾಗ, ಹುಡುಗರು ಆಡುವ ಜಾಗ. ನಮ್ಮ ಹಳ್ಳಿಗಳ ಕ್ರಿಕೆಟ್ ಆಟಗಾರರೆಲ್ಲ ಬ್ಯಾಟು ಹಿಡಿದದ್ದು ಕೆರೆ ಅಂಗಳದಲ್ಲೇ ಅಲ್ವಾ? ಬಾಲ್ ನೀರಿಗೆ ಹೋದರೆ ಔಟ್.

ಮತ್ತೆ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೋಗುತ್ತಿತ್ತು. ಈಗಲೂ ಹೋಗುತ್ತದೆ. "ಅಯ್ಯನಕೆರೆ ಕೋಡಿ ಹೋಯ್ತಂತೆ" ಅಂತ ಸುದ್ದಿ ಬಂದರೆ ಚಿತ್ರಾನ್ನ ಕಟ್ಟಿಕೊಂಡು, ಬೈಕಿನಲ್ಲಿ ಮೂರು ಜನ ಕೂತು ಹೊರಡುತ್ತಾರೆ. ಗೊರೂರು ತುಂಬಿದರೂ ಅಷ್ಟೇ, ಬಾಗಿನ ಕೊಡುತ್ತಾರೆ, ಜನ ಸೇರುತ್ತಾರೆ. ನೀರು ನೋಡುವುದೇ ನಮ್ಮಲ್ಲಿ ಒಂದು ಹಬ್ಬ. ಅದಕ್ಕೆ ಟಿಕೆಟ್ಟು ಬೇಕಿಲ್ಲ, ಸಂಗೀತವೂ ಬೇಕಿಲ್ಲ.

ಹಾಗಾಗಿ ನನ್ನ ಪಾರ್ಕಿಗೆ ಎರಡು ಕಾಲ. ತುಂಬಿದ ಕಾಲದಲ್ಲಿ ಮೆಟ್ಟಿಲು. ಇಳಿದ ಕಾಲದಲ್ಲಿ ಬಯಲು. ಬಯಲಿನಲ್ಲಿ ಏನೂ ಕಟ್ಟಬೇಡಿ. ಎರಡು ಗೋಲ್ ಕಂಬ ನೆಡಿ, ಮಳೆಗಾಲಕ್ಕೆ ಮುಂಚೆ ಕಿತ್ತಿಡಿ.

ಲಾನ್ ಬಗ್ಗೆ ಒಬ್ಬ ತಾಯಿ ಕೇಳಿದರು, ಮಕ್ಕಳು ಉರುಳಾಡಲು ಹುಲ್ಲು ಬೇಡವಾ ಅಂತ. ಅಮ್ಮಾ, ಆಡಲು ಹುಲ್ಲು ಬೇಕು, ಆದರೆ ಲಾನ್ ಬೇರೆ. ಲಾನಿಗೆ ಅತಿ ಹೆಚ್ಚು ನೀರು ಬೇಕಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಜಲಾಶಯದಲ್ಲಿ ನೀರು ಅತಿ ಕಮ್ಮಿ ಇರುವುದೂ ಆಗಲೇ. ಬಯಲಿನಲ್ಲಿ ತಾನಾಗಿ ಹುಟ್ಟುವ ಗರಿಕೆ ಸಾಕು, ದನ ಅದನ್ನು ಮಟ್ಟವಾಗಿ ಕತ್ತರಿಸಿ ಕೊಡುತ್ತವೆ. ನೆರಳಿಗೆ ಮೇಲಿನ ದಿಬ್ಬದಲ್ಲಿ ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿ ನೆಡಿ. ಹೊಳೆಮತ್ತಿ ನೀರಿನ ಅಂಚಿನಲ್ಲೇ ಬೆಳೆದು ಬಂದ ಮರ, ಬುಡದಲ್ಲಿ ಕೆಲವು ದಿನ ನೀರು ನಿಂತರೂ ಅದಕ್ಕೆ ಚಿಂತೆಯಿಲ್ಲ. ಅತ್ತಿ ಇದ್ದರೆ ಹಕ್ಕಿಗಳನ್ನು ಯಾರೂ ಕರೆಯಬೇಕಿಲ್ಲ. ಹೂವಿನ ಬಗ್ಗೆ ಕೇಳೋಣ ಅಂತ ಬಂದವರಿಗೆ ಇಷ್ಟು ಸಾಕಾಗುವುದಿಲ್ಲ, ಗೊತ್ತು.

ಹಕ್ಕಿ ಅಂದಾಗ ಲಕ್ಕವಳ್ಳಿ ಹೇಳಲೇಬೇಕು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿರುವ ಭದ್ರಾ ಜಲಾಶಯ 1965ರಲ್ಲಿ ಮುಗಿದದ್ದು. ಗರಿಷ್ಠ ಮಟ್ಟ 186 ಅಡಿ (ಇದು ಸಮುದ್ರಮಟ್ಟದಿಂದ ಲೆಕ್ಕ ಅಲ್ಲ), 71 ಟಿಎಂಸಿಗೂ ಜಾಸ್ತಿ ನೀರು. ಅಲ್ಲಿ ಹಿನ್ನೀರು ಇಳಿದಾಗ ನಡುವೆ ಸಣ್ಣ ಸಣ್ಣ ನಡುಗಡ್ಡೆಗಳು ಏಳುತ್ತವೆ. ಆ ಬೋಳು ನೆಲದ ಮೇಲೆ ರೀವ (ರಿವರ್ ಟರ್ನ್) ಹಕ್ಕಿಗಳು ಗುಂಪು ಗುಂಪಾಗಿ ಬಂದು ಮೊಟ್ಟೆ ಇಡುತ್ತವೆ. ಗೂಡು ಅಂತ ಏನೂ ಇಲ್ಲ. ನೆಲದಲ್ಲಿ ಒಂದು ಚಿಕ್ಕ ತಗ್ಗು, ಅದರಲ್ಲಿ ಕಲ್ಲಿನ ಬಣ್ಣದ ಮೊಟ್ಟೆ. ಮಳೆ ಬಂದು ನೀರು ಏರುವ ಮುಂಚೆ ಮರಿ ಹಾರಬೇಕು. ನಾವು ಹಾಳು ಜಾಗ ಅಂದುಕೊಂಡ ನೆಲ ಅವಕ್ಕೆ ಹೆರಿಗೆ ಮನೆ. ದೋಣಿ ತೀರಾ ಹತ್ತಿರ ಹೋದರೆ ತಾಯಿ ಎದ್ದು ಹಾರುತ್ತದೆ, ಬಿಸಿಲಿಗೆ ಮೊಟ್ಟೆ ಬೇಯುತ್ತದೆ, ಕಾಗೆ ಹದ್ದು ಕಾದಿರುತ್ತವೆ. ಹಾಗಾಗಿ ಅಲ್ಲಿ ದೋಣಿಗೆ ಎಲ್ಲಿಯವರೆಗೆ ಅಂತ ಗೆರೆ ಹಾಕಲೇಬೇಕು.

ಬೋಟಿಂಗಿಗೆ ಎಲ್ಲರೂ ಹೇಳುವ ಹೆಸರು ಯಗಚಿ. ಬೇಲೂರಿನ ಹತ್ತಿರ 2001ರಲ್ಲಿ ಆದ ಅಣೆಕಟ್ಟೆ. ಬಾಬಾಬುಡನ್ ಗಿರಿ ಸಾಲಿನಲ್ಲಿ ಹುಟ್ಟಿ ಬರುವ ಹೊಳೆ, ಮುಂದೆ ಹೇಮಾವತಿಗೇ ಸೇರುತ್ತದೆ. ಜಲಾಶಯ ಚಿಕ್ಕದು, ಮೂರೂವರೆ ಟಿಎಂಸಿಗಿಂತ ಸ್ವಲ್ಪ ಜಾಸ್ತಿ. ಚೆನ್ನಕೇಶವನನ್ನು ನೋಡಿದವರು ಅಲ್ಲಿಗೂ ಹೋಗಿ ಜಲಕ್ರೀಡೆ ಆಡುತ್ತಾರೆ. ಹುಡುಗರಿಗೆ ಖುಷಿ, ನನಗೂ ಖುಷಿಯೇ. ಆದರೆ ಅದೇ ನೀರು ಕುಡಿಯಲೂ ಹೋಗುತ್ತದೆ, ಚಿಕ್ಕಮಗಳೂರಿನವರೆಗೂ. ಚಿಕ್ಕಮಗಳೂರಿನ ಹಿರೇಕೊಳಲೆಯದೂ ಕುಡಿಯುವ ನೀರೇ. ಕುಡಿಯುವ ನೀರಿನಲ್ಲಿ ಪೆಟ್ರೋಲ್ ಇಂಜಿನ್ ದೋಣಿ ಜಾಸ್ತಿ ಓಡಬಾರದು ಅನ್ನುವುದು ನನ್ನ ಅಭಿಪ್ರಾಯ. ಹುಟ್ಟು ಹಾಕುವ ದೋಣಿ, ಕಾಲಿನಲ್ಲಿ ತುಳಿಯುವ ದೋಣಿ, ಕಯಾಕ್, ನಮ್ಮದೇ ಹರಿಗೋಲು, ಇವು ಸಾಕು. ದಡದಲ್ಲಿ ಕಾರು ತೊಳೆಯುವವರಿಗೆ ಮಾತ್ರ ದಂಡ ಹಾಕಿ. ಇದರಲ್ಲಿ ನನಗೆ ಯಾವ ಮುಲಾಜೂ ಇಲ್ಲ.

ಈಜುವ ವಿಷಯ. ಆಗಲೇ ಮುಂದೂಡಿದ್ದೆ. ಜಲಾಶಯ ಈಜುಕೊಳ ಅಲ್ಲ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಾ ಹೋದವನ ಮುಂದೆ ಹಳೇ ಹೊಳೆಯ ದಂಡೆ ಇರುತ್ತದೆ. ಮುಂದಿನ ಹೆಜ್ಜೆಗೆ ಆಳ ಎರಡಾಳುದ್ದ. ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ಮುಳುಗಿದ ಬಾವಿ ಇದೆ, ಮರದ ಬೊಡ್ಡೆ ಇದೆ, ಬೇಲಿ ತಂತಿ ಇದೆ, ಮೀನುಗಾರರ ಬಲೆ ಇದೆ. ಅಂಚಿನಲ್ಲಿ ಹೂಳು ತುಂಬಿರುತ್ತದೆ, ಕಾಲಿಟ್ಟರೆ ಹಿಡಿದುಕೊಳ್ಳುತ್ತದೆ, ಕೊಸರಿದಷ್ಟೂ ಕೆಳಗೆ. ಊರ ಹೊಳೆಯಲ್ಲಿ ಈಜಿ ಬೆಳೆದ ಹುಡುಗನಿಗೂ ಇದು ಹೊಸದು. ಮೆಟ್ಟಿಲಿನ ಕೊನೆಯಲ್ಲಿ ಸರಪಳಿ ಇರಲಿ. ಕಾವಲಿಗೆ ಒಬ್ಬ ಈಜು ಬಲ್ಲ ಸ್ಥಳೀಯ ಹುಡುಗ, ಒಂದು ಹಗ್ಗ, ಗಾಳಿ ತುಂಬಿದ ಎರಡು ಟ್ಯೂಬು. ಹಿನ್ನೀರಿನ ಮೀನುಗಾರರ ಮನೆಯ ಹುಡುಗರಿಗೇ ಆ ಕೆಲಸ ಕೊಡಿ, ತಳ ಹೇಗಿದೆ ಅಂತ ಅವರಷ್ಟು ಬಲ್ಲವರು ಯಾರೂ ಇಲ್ಲ. ಅವರ ಬಲೆ ಬೀಳುವ ಜಾಗ ಬಿಟ್ಟು ದೋಣಿ ಓಡಿಸುವುದಕ್ಕೂ ಅವರೇ ದಾರಿ ಹೇಳುತ್ತಾರೆ.

ಆಲೂರು, ಸಕಲೇಶಪುರ ಕಡೆಯ ದಡಕ್ಕೆ ಇನ್ನೊಂದು ನಿಯಮ. ಸಂಜೆ ಆದಮೇಲೆ ಅದು ಆನೆಯ ಜಾಗ. ಗೇಟು ಐದಕ್ಕೇ ಮುಚ್ಚಲಿ.

ರಾತ್ರಿ ದೀಪ, ಸಂಗೀತ ಕಾರಂಜಿ ಇಲ್ಲದಿದ್ದರೆ ಜನ ಬರುತ್ತಾರಾ ಅಂತ ಒಬ್ಬ ಯುವಕರು ಕೇಳಿದರು. ಬರುತ್ತಾರೆ. ಶೆಟ್ಟಿಹಳ್ಳಿಗೆ ಬರುತ್ತಿಲ್ಲವಾ? ಕಾರಂಜಿಗೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು, ಅದಕ್ಕೊಬ್ಬ ಮೆಕ್ಯಾನಿಕ್ ಬೇಕು. ಮೊದಲ ವರ್ಷ ಎಲ್ಲ ಇರುತ್ತದೆ. ಆಮೇಲೆ ಪಾಚಿ ಕಟ್ಟಿದ ತೊಟ್ಟಿ ಇರುತ್ತದೆ. ಮೆಟ್ಟಿಲು ಕೆಟ್ಟು ನಿಲ್ಲುವ ವಸ್ತು ಅಲ್ಲ.

ಕೊನೆಯ ಪ್ರಶ್ನೆ ಹಿರಿಯರೊಬ್ಬರದು. "ನಿಮ್ಮ ನಲವತ್ತು ಮೆಟ್ಟಿಲು ನಮ್ಮ ಮಂಡಿಗೆ ಆಗೋದಿಲ್ಲ ಮೇಷ್ಟ್ರೇ. ಅಲ್ಲಿಗೆ ಹೋಗೋಕೆ ಗಾಡೀನೂ ಇಲ್ಲ." ಯಜಮಾನರು ಸರಿಯಾಗಿ ಹೇಳಿದರು. ಮೆಟ್ಟಿಲ ಪಕ್ಕದಲ್ಲಿ ಗಾಲಿ ಕುರ್ಚಿ ಇಳಿಯುವ ಹಾಗೆ ಒಂದು ಇಳಿಜಾರು ದಾರಿ ಬೇಕು. ಮೇಲೆ ನೇರಳೆ ಮರದ ಕೆಳಗೆ ಒರಗುವ ಬೆಂಚು ಬೇಕು. ಮೊದಲು ಬಸ್ಸು ಬೇಕು. ಭಾನುವಾರ ಮಧ್ಯಾಹ್ನ ಹಾಸನದಿಂದ ಹೊರಟು ಹಿನ್ನೀರಿನ ಊರುಗಳನ್ನು ಸುತ್ತಿ ಸಂಜೆ ವಾಪಸ್ ಬರುವ ಒಂದು ಬಸ್ಸು. ಅದಕ್ಕೊಂದು ಅರ್ಜಿ ಬರೆದಿದ್ದೇವೆ. ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಓದಿ ಸಹಿ ಹಾಕಿ. ಪೆನ್ನು ಒಂದೇ ಇದೆ, ಸಾಲಿನಲ್ಲಿ ಬನ್ನಿ.